ಹಣೆಬರಹಕ್ಕೂ ತಿದ್ದುಪಡಿ ಉಂಟೆ?

ಜೀವಕೋಶದೊಳಗಿನ ಗುರುತುಗಳ ನಕ್ಷೆ ಹೇಳುವ ಕಥೆ

ಮನೆಯಲ್ಲಿ ಯಾರಿಗಾದರೂ ಸಕ್ಕರೆ ಕಾಯಿಲೆ ಕಾಣಿಸಿಕೊಂಡಿತೆಂದರೆ ಡಾಕ್ಟರರು ಮೊದಲಿಗೆ ಕೇಳುವ ಪ್ರಶ್ನೆಗಳಲ್ಲಿ ಒಂದು, "ನಿಮ್ಮಲ್ಲಿ ಬೇರೆ ಯಾರಿಗಾದರೂ ಉಂಟೋ?" ಎಂಬುದು. ತಂದೆಗಿತ್ತು, ದೊಡ್ಡಪ್ಪನಿಗಿತ್ತು, ಅಜ್ಜಿ ಅದರಿಂದಲೇ ಕಣ್ಣು ಕಳಕೊಂಡರು ಎಂದು ಲೆಕ್ಕ ಒಪ್ಪಿಸುತ್ತೇವೆ. "ವಂಶದಲ್ಲೇ ಬಂದದ್ದು, ಇನ್ನೇನು ಮಾಡುವುದು" ಎಂದು ನಿಟ್ಟುಸಿರು ಬಿಟ್ಟು ಹೊರಗೆ ಬರುತ್ತೇವೆ. ಆದರೆ ಅದೇ ಮನೆಯಲ್ಲಿ, ಅದೇ ತಂದೆತಾಯಿಯರ ಮಕ್ಕಳಲ್ಲಿ ಒಬ್ಬನಿಗೆ ನಲವತ್ತಕ್ಕೇ ಕಾಯಿಲೆ ಬಂದರೆ ಇನ್ನೊಬ್ಬ ಎಪ್ಪತ್ತರಲ್ಲೂ ಎರಡು ಸೌಟು ಪಾಯಸ ಉಂಡು ಸುಖವಾಗಿರುತ್ತಾನೆ. ಅಣ್ಣತಮ್ಮಂದಿರ ಮಾತು ಹಾಗಿರಲಿ, ಒಂದೇ ಅಂಡದಿಂದ ಹುಟ್ಟಿದ ಅವಳಿಗಳಲ್ಲಿಯೂ ಒಬ್ಬರಿಗೆ ಬಂದ ರೋಗ ಇನ್ನೊಬ್ಬರಿಗೆ ಬಾರದೆ ಇರುವುದುಂಟು. ವಂಶದಿಂದ ಬಂದದ್ದು ಇಬ್ಬರಿಗೂ ಒಂದೇ ಆಗಿದ್ದರೆ ಈ ವ್ಯತ್ಯಾಸ ಎಲ್ಲಿಂದ ಬಂತು?

ವಿಜ್ಞಾನಿಗಳು ಈ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋಗಿ, ಈಗ ನಮ್ಮ ಮೈಯ ಜೀವಕೋಶಗಳ ಒಳಗೆ ಒಂದು ಹೊಸ ನಕ್ಷೆಯನ್ನೇ ಬರೆಯುತ್ತಿದ್ದಾರೆ. ಆ ನಕ್ಷೆ ಏನು, ಅದರಿಂದ ನಮ್ಮ ನಿಮ್ಮಂಥವರಿಗೆ ಏನು ಪ್ರಯೋಜನ ಎಂಬುದನ್ನು ಇಲ್ಲಿ ತಿಳಿಯಲು ಪ್ರಯತ್ನಿಸೋಣ.

ಪುಸ್ತಕ ಒಂದೇ, ಆಟ ಬೇರೆ

ನಮ್ಮ ದೇಹದಲ್ಲಿ 30 ಲಕ್ಷ ಕೋಟಿಗೂ ಹೆಚ್ಚು ಜೀವಕೋಶಗಳಿವೆ ಎಂದು ಅಂದಾಜು. ಇವುಗಳಲ್ಲಿ ಕೆಂಪು ರಕ್ತಕಣಗಳಂಥವನ್ನು ಬಿಟ್ಟರೆ ಉಳಿದವುಗಳ ಒಳಗೆ ಡಿ.ಎನ್.ಎ. ಎಂಬ ಉದ್ದನೆಯ ಎಳೆ ಇದೆ. ಬಿಡಿಸಿ ಎಳೆದರೆ ಒಂದೊಂದು ಕೋಶದ ಎಳೆಯೂ ಸುಮಾರು ಎರಡು ಮೀಟರ್ ಉದ್ದ. ಎ, ಟಿ, ಜಿ, ಸಿ ಎಂಬ ನಾಲ್ಕೇ ಅಕ್ಷರಗಳಲ್ಲಿ ಬರೆದ, ಸುಮಾರು 300 ಕೋಟಿ ಅಕ್ಷರಗಳ ಮಹಾಗ್ರಂಥ ಅದು. ಈ ಗ್ರಂಥವನ್ನು ಓದಿ ಮುಗಿಸುವ ಕಾರ್ಯ 1990ರಲ್ಲಿ ಆರಂಭವಾಗಿ, 2003ರಲ್ಲಿ ಪೂರ್ಣವಾಯಿತೆಂದು ಘೋಷಿತವಾಯಿತು. ಆಗ ಬಿಟ್ಟುಹೋಗಿದ್ದ ಕೆಲವು ಕಠಿಣ ಭಾಗಗಳನ್ನು 2022ರಲ್ಲಿ ಓದಿದರು. ಇನ್ನು ರೋಗಗಳ ಗುಟ್ಟೆಲ್ಲ ಕೈಗೆ ಬಂತು ಎಂದು ಜಗತ್ತು ಸಂಭ್ರಮಿಸಿತು. ಆದರೆ ಅಕ್ಷರ ಓದಿದ ಮಾತ್ರಕ್ಕೆ ಅರ್ಥ ತಿಳಿಯಲಿಲ್ಲ.

ಏಕೆಂದರೆ ಕಣ್ಣಿನ ಕೋಶದಲ್ಲಿ ಇರುವುದೂ ಅದೇ ಗ್ರಂಥ, ಯಕೃತ್ತಿನಲ್ಲಿ ಇರುವುದೂ ಅದೇ ಗ್ರಂಥ. ಹಾಗಿದ್ದೂ ಕಣ್ಣು ನೋಡುತ್ತದೆ, ಯಕೃತ್ತು ಪಿತ್ತರಸ ಮಾಡುತ್ತದೆ. ಇದು ಹೇಗೆ?

ಯಕ್ಷಗಾನ ಬಲ್ಲ ನಮ್ಮ ಓದುಗರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಪ್ರಸಂಗ ಪುಸ್ತಕದಲ್ಲಿ ನೂರಾರು ಪದ್ಯಗಳಿರುತ್ತವೆ. ಒಂದು ರಾತ್ರಿಯ ಆಟದಲ್ಲಿ ಭಾಗವತರು ಎಲ್ಲವನ್ನೂ ಹಾಡುವುದಿಲ್ಲ. ಇಲ್ಲಿ ಹಾಡಬೇಕು, ಇಲ್ಲಿ ಬಿಡಬೇಕು ಎಂದು ಪೆನ್ಸಿಲಿನಿಂದ ಅಂಚಿನಲ್ಲಿ ಗುರುತು ಹಾಕಿಕೊಂಡಿರುತ್ತಾರೆ. ಪುಸ್ತಕದ ಒಂದಕ್ಷರವೂ ಬದಲಾಗಿಲ್ಲ. ಆದರೆ ಗುರುತು ಬದಲಾದರೆ ಆಟವೇ ಬೇರೆ. ಜೀವಕೋಶದಲ್ಲಿಯೂ ಹೀಗೆಯೇ. ಡಿ.ಎನ್.ಎ. ಎಂಬ ಪುಸ್ತಕದಲ್ಲಿ ಸುಮಾರು 20,000 ವಂಶವಾಹಿಗಳಿವೆ. ಯಾವ ಕೋಶದಲ್ಲಿ ಯಾವುದನ್ನು ಓದಬೇಕು, ಯಾವುದನ್ನು ಮುಚ್ಚಿಡಬೇಕು ಎಂದು ತಿಳಿಸುವ ರಾಸಾಯನಿಕ ಗುರುತುಗಳು ಆ ಅಕ್ಷರಗಳ ಮೇಲೆ ಇವೆ. ಈ ಎಲ್ಲ ಗುರುತುಗಳನ್ನು ಒಟ್ಟಾಗಿ 'ಎಪಿಜೀನೋಮ್' ಎನ್ನುತ್ತಾರೆ. 'ಎಪಿ' ಎಂದರೆ ಗ್ರೀಕ್ ಭಾಷೆಯಲ್ಲಿ 'ಮೇಲೆ' ಎಂದರ್ಥ. ಈ ವಿದ್ಯೆಗೆ 'ಎಪಿಜೆನೆಟಿಕ್ಸ್' ಎಂಬ ಹೆಸರನ್ನು ಬ್ರಿಟನಿನ ಜೀವವಿಜ್ಞಾನಿ ಕಾನ್ರಾಡ್ ವಾಡಿಂಗ್ಟನ್ 1942ರಲ್ಲಿಯೇ ಕೊಟ್ಟಿದ್ದರು.

ಗುರುತುಗಳು ಮುಖ್ಯವಾಗಿ ಎರಡು ಬಗೆ. ಮೊದಲನೆಯದು ಮೀಥೈಲ್ ಎಂಬ ಪುಟ್ಟ ತುಣುಕು. ಒಂದು ಇಂಗಾಲ, ಮೂರು ಜಲಜನಕ, ಇಷ್ಟೇ ಅದರ ಬಂಡವಾಳ. ಇದು ಸಾಮಾನ್ಯವಾಗಿ 'ಸಿ' ಅಕ್ಷರದ ಮೇಲೆ ಅಂಟಿ ಕುಳಿತುಕೊಳ್ಳುತ್ತದೆ. ವಂಶವಾಹಿಯ ಆರಂಭದಲ್ಲಿ ಇವು ಗುಂಪಾಗಿ ಕುಳಿತರೆ ಆ ವಂಶವಾಹಿ ಬಾಯಿ ಮುಚ್ಚುತ್ತದೆ. ಎರಡನೆಯದು ಹಿಸ್ಟೋನ್ ಎಂಬ ಪ್ರೋಟೀನುಗಳ ಮೇಲಿನ ಗುರುತು. ಎರಡು ಮೀಟರಿನ ಎಳೆ ಕಣ್ಣಿಗೆ ಕಾಣದಷ್ಟು ಚಿಕ್ಕ ಕೋಶದೊಳಗೆ ಹಿಡಿಸಬೇಕಾದರೆ ಅದನ್ನು ನೂಲಿನಂತೆ ಉಂಡೆಗಳಿಗೆ ಸುತ್ತಿಡಬೇಕು. ಆ ಉಂಡೆಗಳೇ ಹಿಸ್ಟೋನುಗಳು. ಬಿಗಿಯಾಗಿ ಸುತ್ತಿದ ಭಾಗವನ್ನು ಓದಲಾಗುವುದಿಲ್ಲ, ಸಡಿಲವಾದ ಭಾಗವನ್ನು ಓದಬಹುದು. ಎಲ್ಲಿ ಬಿಗಿ, ಎಲ್ಲಿ ಸಡಿಲ ಎಂಬುದನ್ನು ಉಂಡೆಗಳಿಗೆ ಅಂಟಿದ ಗುರುತುಗಳು ಹೇಳುತ್ತವೆ.

ನಕ್ಷೆ ಬರೆದ ಬಗೆ

ಪುಸ್ತಕ ಎಲ್ಲ ಕೋಶಗಳಲ್ಲೂ ಒಂದೇ ಆದುದರಿಂದ ಅದನ್ನು ಒಮ್ಮೆ ಓದಿದರೆ ಸಾಕಾಗಿತ್ತು. ಗುರುತುಗಳು ಹಾಗಲ್ಲ. ಹೃದಯಕ್ಕೊಂದು, ಮೂತ್ರಪಿಂಡಕ್ಕೊಂದು, ರಕ್ತದ ಬಿಳಿಕಣಗಳ ಒಂದೊಂದು ಜಾತಿಗೆ ಒಂದೊಂದು. ಭ್ರೂಣದಲ್ಲಿ ಒಂದು ಬಗೆ, ವೃದ್ಧಾಪ್ಯದಲ್ಲಿ ಇನ್ನೊಂದು ಬಗೆ. ಆದುದರಿಂದ ನಕ್ಷೆಯೂ ಒಂದಲ್ಲ, ನೂರಾರು ಬೇಕು.

ಮೀಥೈಲ್ ಗುರುತು ಪತ್ತೆ ಮಾಡಲು ಒಂದು ಜಾಣ ಉಪಾಯವಿದೆ. ಡಿ.ಎನ್.ಎ.ಯನ್ನು ಬೈಸಲ್ಫೈಟ್ ಎಂಬ ರಾಸಾಯನಿಕದಲ್ಲಿ ಅದ್ದಿದರೆ ಗುರುತಿಲ್ಲದ 'ಸಿ' ಅಕ್ಷರಗಳು ಬದಲಾಗಿ 'ಟಿ' ಎಂದು ಓದಿಸಿಕೊಳ್ಳುತ್ತವೆ. ಮೀಥೈಲ್ ಹೊತ್ತ 'ಸಿ'ಗಳು ಮಾತ್ರ ಹಾಗೆಯೇ ಉಳಿಯುತ್ತವೆ. ಅದ್ದುವ ಮೊದಲಿನ ಬರಹವನ್ನೂ ಅದ್ದಿದ ಮೇಲಿನ ಬರಹವನ್ನೂ ಹೋಲಿಸಿದರೆ ಗುರುತು ಎಲ್ಲೆಲ್ಲಿತ್ತು ಎಂಬುದು ತಾನಾಗಿಯೇ ತಿಳಿಯುತ್ತದೆ. ಹಿಸ್ಟೋನಿನ ಗುರುತಿಗಾದರೆ, ಆಯಾ ಗುರುತನ್ನಷ್ಟೇ ಹಿಡಿಯುವ ಪ್ರತಿಕಾಯಗಳನ್ನು ಗಾಳದಂತೆ ಬಿಟ್ಟು, ಅದಕ್ಕೆ ಸಿಕ್ಕಿದ ತುಂಡುಗಳನ್ನು ಮೇಲೆತ್ತಿ ಓದುತ್ತಾರೆ.

ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ 2008ರಲ್ಲಿ ಇಂಥದೊಂದು ದೊಡ್ಡ ಯೋಜನೆಗೆ ಕೈಹಾಕಿತು. 2010ರಲ್ಲಿ ಹಲವು ದೇಶಗಳು ಸೇರಿ ಅಂತರರಾಷ್ಟ್ರೀಯ ಒಕ್ಕೂಟವೊಂದನ್ನು ಕಟ್ಟಿ, ಸಾವಿರ ನಕ್ಷೆಗಳ ಗುರಿ ಇಟ್ಟುಕೊಂಡವು. 2015ರ ಫೆಬ್ರವರಿಯಲ್ಲಿ ಅಮೆರಿಕದ ತಂಡ ಮೆದುಳು, ಹೃದಯ, ಸ್ನಾಯು, ಕರುಳು, ಕೊಬ್ಬು, ಚರ್ಮ, ರಕ್ತ ಮುಂತಾದವುಗಳ 111 ನಕ್ಷೆಗಳನ್ನು 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿತು. 2023ರಲ್ಲಿ ಜೆರುಸಲೇಮಿನ ಹೀಬ್ರೂ ವಿಶ್ವವಿದ್ಯಾಲಯದ ವಿಜ್ಞಾನಿಗಳು 205 ಆರೋಗ್ಯವಂತ ಮಾದರಿಗಳಿಂದ 39 ಜಾತಿಯ ಕೋಶಗಳನ್ನು ಬೇರೆ ಬೇರೆಯಾಗಿ ಆರಿಸಿ, ಅವುಗಳ ಮೀಥೈಲ್ ನಕ್ಷೆಯನ್ನು ಕೊಟ್ಟರು.

ರೋಗದ ಬಿಡಾರ ಎಲ್ಲಿ?

ಇಷ್ಟೆಲ್ಲ ಶ್ರಮಪಟ್ಟು ನಕ್ಷೆ ಬರೆದುದರಿಂದ ಏನಾಯಿತು ಎಂದು ಕೇಳಬಹುದು. ಸಕ್ಕರೆ ಕಾಯಿಲೆ, ಹೃದ್ರೋಗ, ಬೊಜ್ಜು, ಮರೆವಿನ ರೋಗ, ಇವು ಒಂದೇ ವಂಶವಾಹಿ ಕೆಟ್ಟು ಬರುವ ರೋಗಗಳಲ್ಲ. ನೂರಾರು ಕಡೆ ಸಣ್ಣಪುಟ್ಟ ಅಕ್ಷರಭೇದಗಳು ಸೇರಿ ಅಪಾಯವನ್ನು ಹೆಚ್ಚಿಸುತ್ತವೆ. ಲಕ್ಷಾಂತರ ಜನರ ಡಿ.ಎನ್.ಎ. ಹೋಲಿಸಿ ಅಂಥ ಅಕ್ಷರಭೇದಗಳನ್ನು ಪಟ್ಟಿ ಮಾಡಿದಾಗ ಒಂದು ವಿಚಿತ್ರ ಕಂಡಿತು. ಅವುಗಳಲ್ಲಿ ಹತ್ತರಲ್ಲಿ ಒಂಬತ್ತರಷ್ಟು ವಂಶವಾಹಿಗಳ ಪ್ರೋಟೀನು ಬರೆಯುವ ಭಾಗದಲ್ಲಿ ಇರಲೇ ಇಲ್ಲ. ಯಾವ ಅರ್ಥವೂ ಇಲ್ಲವೆಂದು ಹಿಂದೆ ಭಾವಿಸಿದ್ದ ಖಾಲಿ ಬಯಲಿನಲ್ಲಿ ಇದ್ದವು. ನಕ್ಷೆ ಬಂದ ಮೇಲೆ ಆ ಬಯಲು ಖಾಲಿಯಲ್ಲವೆಂದು ತಿಳಿಯಿತು. ದೂರದಲ್ಲಿ ಕುಳಿತು ವಂಶವಾಹಿಗಳನ್ನು ಹೊತ್ತಿಸುವ, ಆರಿಸುವ ಸ್ವಿಚ್ಚುಗಳು ಅಲ್ಲಿವೆ.

ಬೊಜ್ಜಿನ ಉದಾಹರಣೆ ನೋಡೋಣ. ಎಫ್.ಟಿ.ಒ. ಎಂಬ ವಂಶವಾಹಿಯ ನಡುವಿನ ಅಕ್ಷರಭೇದಕ್ಕೂ ಬೊಜ್ಜಿಗೂ ಸಂಬಂಧವಿದೆಯೆಂದು 2007ರಲ್ಲಿಯೇ ಗೊತ್ತಾಗಿತ್ತು. ಅದು ಮೆದುಳಿನಲ್ಲಿ ಹಸಿವನ್ನು ಹೆಚ್ಚಿಸುತ್ತಿರಬೇಕೆಂದು ಹಲವರು ಊಹಿಸಿದರು. ಆದರೆ ಏಕೆಂದು ವಿವರಿಸಲಾಗಲಿಲ್ಲ. 2015ರಲ್ಲಿ ಮೆಲಿನಾ ಕ್ಲಾಸ್ನಿಟ್ಜರ್, ಮನೋಲಿಸ್ ಕೆಲಿಸ್ ಮತ್ತು ಅವರ ಸಂಗಡಿಗರು ಹೊಸ ನಕ್ಷೆಗಳನ್ನು ಹರಡಿ ನೋಡಿದಾಗ, ಆ ಜಾಗದ ಸ್ವಿಚ್ಚು ಜೋರಾಗಿ ಕೆಲಸ ಮಾಡುತ್ತಿದ್ದುದು ಕೊಬ್ಬಿನ ಕೋಶಗಳಾಗಲಿರುವ ಎಳೆಯ ಕೋಶಗಳಲ್ಲಿ. ಅಲ್ಲಿ 'ಟಿ' ಇರಬೇಕಾದಲ್ಲಿ 'ಸಿ' ಇದ್ದರೆ ದೂರದ ಬೇರೆ ಎರಡು ವಂಶವಾಹಿಗಳು ಎಚ್ಚರಗೊಂಡು, ಕೋಶವು ಕೊಬ್ಬನ್ನು ಸುಟ್ಟು ಶಾಖ ಮಾಡುವುದನ್ನು ಬಿಟ್ಟು ಶೇಖರಿಸತೊಡಗುತ್ತದೆ. ಪ್ರಯೋಗಶಾಲೆಯಲ್ಲಿ ಮನುಷ್ಯರ ಅಂಥ ಕೋಶಗಳಲ್ಲಿ ಆ ಒಂದಕ್ಷರವನ್ನು ತಿದ್ದಿದಾಗ ಅವು ಮತ್ತೆ ಕೊಬ್ಬು ಸುಡಲು ಆರಂಭಿಸಿದವು. "ತಿನ್ನುವುದು ಕಡಿಮೆ ಮಾಡಬಾರದೇ?" ಎಂದು ದಪ್ಪಗಿರುವವರನ್ನು ಹಂಗಿಸುವವರು ಇದನ್ನು ನೆನಪಿಡುವುದು ಒಳ್ಳೆಯದು.

ವೃದ್ಧರನ್ನು ಕಾಡುವ ಆಲ್ಝೈಮರ್ ಎಂಬ ಮರೆವಿನ ರೋಗದ ವಿಷಯದಲ್ಲಿಯೂ ಇದೇ ವರ್ಷ ಒಂದು ಅಚ್ಚರಿ ಕಾದಿತ್ತು. ಅದರ ಅಪಾಯ ಹೆಚ್ಚಿಸುವ ಅಕ್ಷರಭೇದಗಳು ನರಕೋಶಗಳ ಸ್ವಿಚ್ಚುಗಳಿಗಿಂತ ಹೆಚ್ಚಾಗಿ ರೋಗನಿರೋಧಕ ಕೋಶಗಳ ಸ್ವಿಚ್ಚುಗಳಲ್ಲಿ ಕಂಡವು. ಮೆದುಳಿನ ರೋಗವೆಂದು ತಿಳಿದದ್ದರಲ್ಲಿ ಮೈಯನ್ನು ಕಾಯುವ ಕಾವಲುಗಾರರ ಪಾತ್ರವೂ ದೊಡ್ಡದೆಂದು ಆಗ ಗೊತ್ತಾಯಿತು. ಔಷಧ ಹುಡುಕುವವನಿಗೆ ಯಾವ ಬಾಗಿಲು ತಟ್ಟಬೇಕೆಂದು ತಿಳಿಯುವುದೇ ಅರ್ಧ ಕೆಲಸ.

ಇನ್ನೊಂದು ಉಪಯೋಗವೂ ಇದೆ. ಸತ್ತ ಕೋಶಗಳ ಡಿ.ಎನ್.ಎ. ಚೂರುಗಳು ರಕ್ತದಲ್ಲಿ ತೇಲುತ್ತಿರುತ್ತವೆ. ಅಕ್ಷರ ಓದಿದರೆ ಅವು ಯಾವ ಅಂಗದವು ಎಂದು ತಿಳಿಯದು, ಎಲ್ಲ ಅಂಗಗಳಲ್ಲೂ ಬರಹ ಒಂದೇ. ಆದರೆ ಮೀಥೈಲ್ ಗುರುತು ಓದಿದರೆ ಈ ಚೂರು ಯಕೃತ್ತಿನದು, ಇದು ಶ್ವಾಸಕೋಶದ್ದು ಎಂದು ಹೇಳಬಹುದು. ಅಡಗಿದ ಕ್ಯಾನ್ಸರನ್ನು ರಕ್ತಪರೀಕ್ಷೆಯಿಂದ ಮೊದಲೇ ಕಂಡುಹಿಡಿಯುವ ಪ್ರಯತ್ನಗಳು ಈ ದಾರಿಯಲ್ಲಿ ನಡೆಯುತ್ತಿವೆ.

ಗುರುತು ಹಾಕುವವರು ಯಾರು?

ಕೋಶ ಬೆಳೆಯುವಾಗ ಹೆಚ್ಚಿನ ಗುರುತುಗಳು ತಮ್ಮಷ್ಟಕ್ಕೆ ಬೀಳುತ್ತವೆ. ಆದರೆ ಅನ್ನ, ನೀರು, ಹೊಗೆ, ವಯಸ್ಸು ಸಹ ಪೆನ್ಸಿಲ್ ಹಿಡಿಯುತ್ತವೆ. ಜೇನುಗೂಡಿನಲ್ಲಿ ಇದರ ಸ್ಪಷ್ಟ ನಿದರ್ಶನವಿದೆ. ರಾಣಿಯಾಗುವ ಮರಿಗೂ ಕೆಲಸಗಾರ್ತಿಯಾಗುವ ಮರಿಗೂ ವಂಶವಾಹಿಯಲ್ಲಿ ಭೇದವಿಲ್ಲ. ಕೊನೆಯತನಕ ರಾಜಶಾಹಿ ರಸ ಉಂಡದ್ದು ರಾಣಿಯಾಗುತ್ತದೆ, ಉಳಿದವು ಜೀವಮಾನವಿಡೀ ದುಡಿಯುತ್ತವೆ. 2008ರಲ್ಲಿ ಆಸ್ಟ್ರೇಲಿಯದ ವಿಜ್ಞಾನಿಗಳು ಮೀಥೈಲ್ ಅಂಟಿಸುವ ಒಂದು ಕಿಣ್ವವನ್ನು ಮರಿಗಳಲ್ಲಿ ತಡೆದಾಗ, ರಾಜಭೋಜನವಿಲ್ಲದೆಯೇ ಹೆಚ್ಚಿನವು ರಾಣಿಯ ಲಕ್ಷಣ ಪಡೆದವು.

ಮನುಷ್ಯರ ಕಥೆ ಇಷ್ಟು ಸರಳವಲ್ಲ. ಮನುಷ್ಯರನ್ನು ಹಸಿವಿಗೆ ದೂಡಿ ಪ್ರಯೋಗ ಮಾಡುವಂತಿಲ್ಲ. ಆದರೆ ಯುದ್ಧ ಅಂಥದೊಂದು ಕ್ರೂರ ಪ್ರಯೋಗವನ್ನು ಮಾಡಿತು. 1944ರ ಸೆಪ್ಟೆಂಬರಿನಲ್ಲಿ ಹಾಲೆಂಡಿನ ರೈಲ್ವೆ ನೌಕರರು ಮಿತ್ರಪಡೆಗಳಿಗೆ ನೆರವಾಗಲೆಂದು ಮುಷ್ಕರ ಹೂಡಿದರು. ಸಿಟ್ಟಿಗೆದ್ದ ಜರ್ಮನರು ಆಹಾರ ಸಾಗಾಟ ತಡೆದರು. ಆ ಚಳಿಗಾಲದಲ್ಲಿ ಪಶ್ಚಿಮ ಹಾಲೆಂಡಿನ ಪಟ್ಟಣಗಳಲ್ಲಿ ಒಬ್ಬೊಬ್ಬರಿಗೆ ಸಿಕ್ಕಿದ ಪಡಿತರ ದಿನಕ್ಕೆ 400ರಿಂದ 800 ಕ್ಯಾಲರಿ. ಜನ ಟ್ಯೂಲಿಪ್ ಹೂವಿನ ಗೆಡ್ಡೆಗಳನ್ನು ತಿಂದರು. ಸುಮಾರು 20,000 ಮಂದಿ ಸತ್ತರು. 1945ರ ಮೇ ತಿಂಗಳಲ್ಲಿ ಬಿಡುಗಡೆಯಾದೊಡನೆ ಹಸಿವು ನಿಂತಿತು.

ಆ ಕಷ್ಟದಲ್ಲಿಯೂ ಹೆರಿಗೆಯ ದಾಖಲೆಗಳನ್ನು ಅಲ್ಲಿಯವರು ಜೋಪಾನವಾಗಿ ಬರೆದಿಟ್ಟಿದ್ದರು. ಆಗ ಗರ್ಭದಲ್ಲಿದ್ದವರು ದೊಡ್ಡವರಾದ ಮೇಲೆ ಪರೀಕ್ಷಿಸಿದಾಗ ಸಕ್ಕರೆಯ ತೊಂದರೆ ಹೆಚ್ಚಾಗಿ ಕಂಡಿತು. ಗರ್ಭದ ಆರಂಭದಲ್ಲಿ ಹಸಿವು ತಟ್ಟಿದವರಲ್ಲಿ ಹೃದ್ರೋಗವೂ ಹೆಚ್ಚು. 2008ರಲ್ಲಿ, ಹಸಿವಿನ ಕಾಲದಲ್ಲಿ ಗರ್ಭಾಂಕುರವಾಗಿದ್ದ 60 ಮಂದಿಯ ರಕ್ತವನ್ನು ಅವರವರ ಒಡಹುಟ್ಟಿದವರ ರಕ್ತದೊಂದಿಗೆ ಹೋಲಿಸಿದರು. ಬೆಳವಣಿಗೆಗೆ ಸಂಬಂಧಿಸಿದ ಐ.ಜಿ.ಎಫ್.2 ಎಂಬ ವಂಶವಾಹಿಯ ಮೇಲೆ ಮೀಥೈಲ್ ಗುರುತು ಸುಮಾರು ಶೇಕಡಾ 5ರಷ್ಟು ಕಡಿಮೆಯಿತ್ತು. ಅರುವತ್ತು ವರ್ಷ ಕಳೆದರೂ ಅಳಿಯದ ಗುರುತು! ಗರ್ಭದ ಕೊನೆಯ ತಿಂಗಳುಗಳಲ್ಲಿ ಮಾತ್ರ ಹಸಿವು ತಟ್ಟಿದವರಲ್ಲಿ ಈ ವ್ಯತ್ಯಾಸ ಕಾಣಲಿಲ್ಲ.

ಮೈಸೂರಿನ ಹಳೆಯ ರಿಜಿಸ್ಟರುಗಳು

ನಮ್ಮ ನೆರೆಯ ಮೈಸೂರಿಗೂ ಈ ವಿಚಾರದಲ್ಲಿ ಗೌರವದ ಸ್ಥಾನವಿದೆ. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದಲೂ ಹುಟ್ಟಿದ ಶಿಶುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಟ್ಟಿದ್ದರು. ಹುಟ್ಟುವಾಗ ಚಿಕ್ಕದಾಗಿದ್ದ ಮಕ್ಕಳಿಗೆ ಮುಂದೆ ಹೃದ್ರೋಗದ ಅಪಾಯ ಹೆಚ್ಚೆಂದು ಇಂಗ್ಲೆಂಡಿನಲ್ಲಿ ಡೇವಿಡ್ ಬಾರ್ಕರ್ ಹೇಳಿದ್ದರು. ಅದು ಭಾರತದಲ್ಲೂ ನಿಜವೇ ಎಂದು ನೋಡಲು ಈ ರಿಜಿಸ್ಟರುಗಳೇ ಆಧಾರವಾದವು. 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿ, ಇನ್ನೂ ಆಸುಪಾಸಿನಲ್ಲಿಯೇ ನೆಲೆಸಿದ್ದ 517 ಮಂದಿಯನ್ನು ಹುಡುಕಿ ಪರೀಕ್ಷಿಸಿದ ಫಲಿತಾಂಶ 1996ರಲ್ಲಿ 'ಲಾನ್ಸೆಟ್' ಪತ್ರಿಕೆಯಲ್ಲಿ ಬಂತು. ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ, ಅದರಲ್ಲಿಯೂ ತಾಯಿಯೂ ಬಡಕಲಾಗಿದ್ದವರಲ್ಲಿ, ಹೃದ್ರೋಗ ಹೆಚ್ಚಾಗಿತ್ತು. ಈ ಅಧ್ಯಯನ ಎಪಿಜೀನೋಮನ್ನು ಅಳೆದದ್ದಲ್ಲ. ಆದರೆ ಗರ್ಭದಲ್ಲಿ ಆದದ್ದನ್ನು ಮೈ ಐವತ್ತು ವರ್ಷ ಹೇಗೆ ನೆನಪಿಟ್ಟುಕೊಳ್ಳುತ್ತದೆ ಎಂಬ ಪ್ರಶ್ನೆಯನ್ನು ನಮ್ಮ ನೆಲದಲ್ಲೇ ಎಬ್ಬಿಸಿದ್ದು ಇದು. ಯಾವುದೋ ಕಾಲದಲ್ಲಿ ನಿದ್ದೆಗೆಟ್ಟು ತೂಕ ಬರೆದಿಟ್ಟ ಆ ದಾದಿಯರಿಗೆ ತಮ್ಮ ಬರಹ ಹೀಗೆ ಫಲಿಸೀತೆಂದು ಗೊತ್ತಿದ್ದಿರಲಾರದು.

ಅಳಿಸಲು ಸಾಧ್ಯವೇ?

ಅಚ್ಚಾದ ಅಕ್ಷರವನ್ನು ಅಳಿಸುವುದು ಕಷ್ಟ, ಪೆನ್ಸಿಲ್ ಗುರುತನ್ನು ಅಳಿಸಬಹುದು. ಈ ವಿದ್ಯೆಯ ದೊಡ್ಡ ಭರವಸೆ ಇದೇ. ಕ್ಯಾನ್ಸರಿನಲ್ಲಿ ಕೋಶದ ಹದ್ದುಬಸ್ತು ಕಾಯುವ ಕೆಲವು ವಂಶವಾಹಿಗಳ ಮೇಲೆ ಮೀಥೈಲ್ ಮುತ್ತಿಕೊಂಡು ಅವನ್ನು ಮೂಕವಾಗಿಸುತ್ತದೆ. ಅಂಥ ಗುರುತುಗಳನ್ನು ಕಳಚುವ ಅಜಾಸಿಟಿಡಿನ್ ಎಂಬ ಔಷಧಕ್ಕೆ, ರಕ್ತ ಹುಟ್ಟುವ ಮಜ್ಜೆಯ ಒಂದು ಬಗೆಯ ರೋಗಕ್ಕೆ ಬಳಸಲು ಅಮೆರಿಕದಲ್ಲಿ 2004ರಲ್ಲಿ ಒಪ್ಪಿಗೆ ದೊರೆಯಿತು. 2009ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಆ ರೋಗ ತೀವ್ರವಾಗಿದ್ದವರ ಸರಾಸರಿ ಆಯುಸ್ಸು ಬೇರೆ ಚಿಕಿತ್ಸೆಯಲ್ಲಿ 15 ತಿಂಗಳಿದ್ದುದು ಇದರಿಂದ 24.5 ತಿಂಗಳಿಗೆ ಏರಿತು. ಪೂರ್ತಿ ಗುಣವಲ್ಲ ನಿಜ, ಆದರೆ ಮಗಳ ಮದುವೆ ನೋಡಬೇಕೆಂದು ಕಾದಿರುವ ರೋಗಿಗೆ ಒಂಬತ್ತು ತಿಂಗಳು ಸಣ್ಣ ಮಾತಲ್ಲ.

ಔಷಧವಿಲ್ಲದೆಯೂ ಅಳಿಸಬಹುದಾದ ಗುರುತುಗಳುಂಟು. ಸಿಗರೇಟು ಸೇದುವವರ ರಕ್ತದಲ್ಲಿ ಸಾವಿರಾರು ಕಡೆ ಗುರುತುಗಳು ಬದಲಾಗಿರುತ್ತವೆ. ಸುಮಾರು 16,000 ಜನರನ್ನು ನೋಡಿದ 2016ರ ಅಧ್ಯಯನದ ಪ್ರಕಾರ, ಸೇದುವುದನ್ನು ಬಿಟ್ಟು ಐದು ವರ್ಷದೊಳಗೆ ಅವುಗಳಲ್ಲಿ ಹೆಚ್ಚಿನವು ಮೊದಲಿನಂತಾಗುತ್ತವೆ. ಕೆಲವು ಮಾತ್ರ ಮೂವತ್ತು ವರ್ಷವಾದರೂ ಉಳಿದಿರುತ್ತವೆ. ಬಿಡುವುದಾದರೆ ಇಂದೇ ಬಿಡಬೇಕೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಎಚ್ಚರಿಕೆಯ ನಾಲ್ಕು ಮಾತು

ಇಷ್ಟು ಹೇಳಿದ ಮೇಲೆ ಕೆಲವು ಎಚ್ಚರಿಕೆಗಳನ್ನೂ ಹೇಳಬೇಕು. ಹಾಲೆಂಡಿನಲ್ಲಿ ಕಂಡ ವ್ಯತ್ಯಾಸ ಸಣ್ಣದು. ಆ ಗುರುತೇ ರೋಗಕ್ಕೆ ಕಾರಣವೆಂದು ಸಿದ್ಧವಾಗಿಲ್ಲ. ಗರ್ಭಾಂಕುರದ ಹೊತ್ತಿನಲ್ಲಿ ಹೆಚ್ಚಿನ ಗುರುತುಗಳು ಅಳಿಸಿಹೋಗಿ ಹೊಸದಾಗಿ ಬರೆಯಲ್ಪಡುತ್ತವೆ. ಆದುದರಿಂದ ಅಜ್ಜ ಪಟ್ಟ ಪಾಡು ಮೊಮ್ಮಗನ ಕೋಶಕ್ಕೆ ಇಳಿದು ಬರುತ್ತದೆಂಬ ಮಾತು ಮನುಷ್ಯರ ಮಟ್ಟಿಗೆ ಇನ್ನೂ ಊಹೆಯೇ. ನಿಮ್ಮ ಡಿ.ಎನ್.ಎ. ಗುರುತು ತಿದ್ದುತ್ತೇವೆಂದು ಟಾನಿಕ್ಕು ಮಾರಲು ಯಾರಾದರೂ ಬಂದರೆ ಹಣ ಕೊಡದಿರುವುದೇ ಕ್ಷೇಮ.

ರೋಗಕ್ಕೆ ಸಂಬಂಧಿಸಿದ ಅಕ್ಷರಭೇದಗಳ ಪಟ್ಟಿಗಳು ಹೆಚ್ಚಾಗಿ ಯುರೋಪು ಮೂಲದ ಜನರಿಂದ ಬಂದವು. ಭಾರತೀಯರಿಗೆ ತೆಳ್ಳಗಿದ್ದರೂ ಸಕ್ಕರೆ ಕಾಯಿಲೆ ಏಕೆ ಬೇಗನೆ ಬರುತ್ತದೆ ಎಂಬ ನಮ್ಮ ಪ್ರಶ್ನೆಗೆ ಪರರ ನಕ್ಷೆಯಲ್ಲಿ ಪೂರ್ತಿ ಉತ್ತರ ಸಿಗದು. ನಮ್ಮ ದೇಶ ಈ ಕೆಲಸಕ್ಕೆ ಇನ್ನಷ್ಟು ಹಣ, ಇನ್ನಷ್ಟು ಮನಸ್ಸು ಹಾಕಬೇಕು.

ಎಲ್ಲಕ್ಕಿಂತ ಮುಖ್ಯವಾದ ಮಾತು ಇನ್ನೊಂದು. "ಬಸುರಿಯಾಗಿದ್ದಾಗ ಸರಿಯಾಗಿ ತಿನ್ನಲಿಲ್ಲ, ಹಾಗಾಗಿ ಮಗುವಿಗೆ ಹೀಗಾಯಿತು" ಎಂದು ಸೊಸೆಯನ್ನು ದೂರುವ ಚಾಳಿ ನಮ್ಮ ಮನೆಗಳಲ್ಲಿ ಮೊದಲೇ ಉಂಟು. ವಿಜ್ಞಾನವನ್ನು ಅದಕ್ಕೆ ಇನ್ನೊಂದು ಬೆತ್ತ ಮಾಡಿಕೊಳ್ಳಬಾರದು. ಹಾಲೆಂಡಿನ ಆ ತಾಯಂದಿರು ಬೇಕೆಂದು ಹಸಿದವರಲ್ಲ, ಅನ್ನ ತಡೆದವರು ಬೇರೆ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದುದನ್ನು ಕಂಡ ಜಿಲ್ಲೆ ನಮ್ಮದು. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ದೇಶದಲ್ಲೆಲ್ಲ ನಿಷೇಧಿಸಬೇಕಾಯಿತು. ಅದರ ಹಾನಿ ಈ ಗುರುತುಗಳ ಮೂಲಕವೇ ಆಯಿತೆಂದು ನಾವು ಹೇಳುತ್ತಿಲ್ಲ. ಆದರೆ ಕುಡಿಯುವ ನೀರು, ಉಸಿರಾಡುವ ಗಾಳಿ ಯಾವ ತಾಯಿಯ ಕೈಯಲ್ಲಿಯೂ ಇಲ್ಲವೆಂಬುದನ್ನು ಇಲ್ಲಿಯವರಿಗೆ ಬೇರೆ ಹೇಳಬೇಕಾಗಿಲ್ಲ.

ಹಾಗಾದರೆ ಮನೆಮಂದಿ ಮಾಡಬಹುದಾದುದೇನು? ಮದುವೆಯ ಪ್ರಾಯದ ಹೆಣ್ಣುಮಕ್ಕಳ ತಟ್ಟೆಗೂ ಸೊಪ್ಪು, ಬೇಳೆ, ಹಾಲು, ಹಣ್ಣು ಬೀಳುವಂತೆ ನೋಡಿಕೊಳ್ಳಬೇಕು. ಗರ್ಭ ನಿಂತ ಮೇಲೆ ನೋಡಿಕೊಂಡರಾಯಿತು ಎಂದರೆ ತಡವಾಗುತ್ತದೆ. ಬಸುರಿ ಇರುವ ಮನೆಯೊಳಗೆ ಬೀಡಿ ಸಿಗರೇಟು ಸೇದಬಾರದು. ಶಿಶುವಿನ ಹುಟ್ಟುತೂಕ ಬರೆದ ಆಸ್ಪತ್ರೆಯ ಚೀಟಿಯನ್ನು ಜಾತಕದಷ್ಟೇ ಜೋಪಾನವಾಗಿ ಇಡಬೇಕು. ಮನೆಯಲ್ಲಿ ಸಕ್ಕರೆ ಕಾಯಿಲೆ ಇದ್ದರೆ ಉಳಿದವರು ಮೂವತ್ತು ದಾಟಿದೊಡನೆ ರಕ್ತಪರೀಕ್ಷೆ ಮಾಡಿಸಿಕೊಳ್ಳಬೇಕು. ವಂಶದಿಂದ ಬಂದ ಪುಸ್ತಕವನ್ನು ನಾವು ಆರಿಸಿಕೊಂಡಿಲ್ಲ. ಅಂಚಿನ ಗುರುತುಗಳಲ್ಲಿ ಕೆಲವಾದರೂ ನಮ್ಮ ಕೈಯಲ್ಲಿವೆ, ಇನ್ನು ಕೆಲವು ಊರಿನ ಮತ್ತು ಸರಕಾರದ ಕೈಯಲ್ಲಿವೆ. "ವಂಶದಲ್ಲೇ ಬಂದದ್ದು" ಎಂದು ಕೈಚೆಲ್ಲಿ ಕೂರುವ ಮೊದಲು ಇಷ್ಟನ್ನಾದರೂ ಮಾಡಿ ನೋಡಬೇಕೆಂಬುದು ನಮ್ಮ ಅಭಿಪ್ರಾಯ.